ಮಗಳನ್ನು ಗೇಟಿನಲ್ಲೇ ನಿಲ್ಲಿಸಿದ ದಿನ

ಬೆಳಗಿನ ಐದೂವರೆ. ಊರ ಹೊರಗಿನ ಸ್ಮಶಾನದಲ್ಲಿ ಗೇಟಪ್ಪ ಸೊಂಟದ ಮಟ್ಟದ ಗುಂಡಿಗಿಳಿದು ಗುದ್ದಲಿ ಬೀಸುತ್ತಿದ್ದಾರೆ. ಒಂಬತ್ತಕ್ಕೆ ಒಬ್ಬ ಅಜ್ಜಿಯ ಮಣ್ಣು ಇದೆ. ಆರಡಿ ಉದ್ದ, ಎರಡೂವರೆ ಅಡಿ ಅಗಲ. ನೆಲ ಹದವಾಗಿದ್ದರೆ ಎರಡು ಗಂಟೆಯ ಕೆಲಸ, ಬೇಸಿಗೆಯಲ್ಲಿ ನಾಲ್ಕು. ತಿಂಗಳಿಗೆ ಮೂವತ್ತು ಗುಂಡಿಗೆ ಕಡಿಮೆಯಿಲ್ಲ. "ಇಳಿಯೋದು ಸಲೀಸು, ಹತ್ತೋವಾಗ ಮಂಡಿ ಮಾತು ಕೇಳಲ್ಲ. ಒಂದಿನ ಇಲ್ಲೇ ಉಳ್ಕೊಂಡ್ಬಿಡ್ತೀನೇನೋ" ಎಂದು ನಗುತ್ತಾರೆ.

ಗೇಟಪ್ಪ ಎಂಬುದು ಊರವರು ಇಟ್ಟ ಹೆಸರು, ಪುರಸಭೆಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ. ಆ ಹೆಸರಿನಿಂದ ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ಗುಂಡಿ ತೋಡುವುದರ ಜೊತೆಗೆ ಗೇಟು ಕಾಯುವುದೂ ಅವರ ಪಾಲಿಗೆ ಬಂದು ಇಪ್ಪತ್ತೇಳು ವರ್ಷವಾಯಿತು. ಕೆಲಸಕ್ಕೆ ಸೇರಿದ ದಿನ ಹಳೆಯ ಕಾವಲುಗಾರ ಬೀಗದ ಕೈ ಕೊಟ್ಟು ಹೇಳಿದ್ದು ಒಂದೇ ಮಾತು: ಹೆಂಗಸರನ್ನು ಒಳಗೆ ಬಿಡಬಾರದು. ಯಾಕೆಂದು ಇವರು ಕೇಳಲಿಲ್ಲ. ತಾಯಂದಿರನ್ನು, ಹೆಂಡತಿಯರನ್ನು, ಅಕ್ಕತಂಗಿಯರನ್ನು ಇಪ್ಪತ್ತನಾಲ್ಕು ವರ್ಷ ಗೇಟಿನಾಚೆಯೇ ತಡೆದರು.

ಏಳು ವರ್ಷದ ಹಿಂದೆ ಅವರ ಹೆಂಡತಿಯೇ ತೀರಿಕೊಂಡರು. ಗುಂಡಿಯನ್ನು ಅವರೇ ತೋಡಿದರು. ಒಬ್ಬಳೇ ಮಗಳು, ಹೊಲಿಗೆ ಕಲಿಸುವವಳು, ಗೇಟಿನ ಸರಳು ಹಿಡಿದು ನಿಂತಳು.

"ಅಪ್ಪಾ, ಒಂದು ಹಿಡಿ ಮಣ್ಣು ಹಾಕಿ ಬಂದ್ಬಿಡ್ತೀನಿ."

"ಬೇಡ ಮಗಾ. ನಿನ್ನ ಬಿಟ್ರೆ ನಾಳೆ ಎಲ್ರನ್ನೂ ಬಿಡ್ಬೇಕಾಗುತ್ತೆ."

"ಬಿಡಬಾರ್ದು ಅಂತ ಎಲ್ಲಿ ಬರ್ದಿದೆ?"

ಗೇಟಪ್ಪ ಚಿಲಕ ಹಾಕಿದರು.

ಮುಂದಿನ ವರ್ಷ, ಗಂಡನ ಮಣ್ಣಿಗೆ ಬಂದು ಇದೇ ಗೇಟಿನಿಂದ ವಾಪಸಾದ ಒಬ್ಬ ಶಾಲೆಯ ಟೀಚರು ಕೋರ್ಟಿಗೆ ಹೋದರು. ಗೇಟಪ್ಪನೂ ಸಾಕ್ಷಿ ಹೇಳಬೇಕಾಯಿತು. ಈ ನಿಯಮ ಮಾಡಿದವರು ಯಾರೆಂದು ನ್ಯಾಯಾಧೀಶರು ಕೇಳಿದರು. "ಗೊತ್ತಿಲ್ಲ ಸ್ವಾಮಿ. ನನಗಿಂತ ಮುಂಚೆ ಇದ್ದೋರು ಹೇಳಿದ್ರು" ಎಂದರು. ಹಾಗೆನ್ನುವಾಗ ಮಗಳ ಮುಖ ಕಣ್ಣಿಗೆ ಕಟ್ಟಿತಂತೆ.

ಮೂರು ವರ್ಷದ ಮೇಲೆ ತೀರ್ಪು ಬಂತು. ಪ್ರಾರ್ಥನೆ ಯಾರು ಮಾಡಬೇಕು, ಹೇಗೆ ಮಾಡಬೇಕು ಎಂಬುದು ಆಯಾ ಸಮುದಾಯಕ್ಕೆ ಬಿಟ್ಟಿದ್ದು. ಆದರೆ ತಮ್ಮವರನ್ನು ಮಣ್ಣು ಮಾಡುವಾಗ ಹತ್ತಿರ ನಿಲ್ಲುವುದನ್ನು ಹೆಣ್ಣೆಂಬ ಕಾರಣಕ್ಕೆ ತಡೆಯಲು ಸಂವಿಧಾನ ಒಪ್ಪುವುದಿಲ್ಲ. ಕಾಗದದಲ್ಲಿ ಇಷ್ಟು. ಅದನ್ನು ಪ್ರತಿ ದಿನ ನೆಲದ ಮೇಲೆ ಸರಿದೂಗಿಸುವವರು ಗೇಟಪ್ಪ. ಸಮುದಾಯದ ಹಿರಿಯರು ಆರು ತಿಂಗಳು ಅವರ ಜೊತೆ ಮಾತು ಬಿಟ್ಟರು. "ಹಿಂದಿನೋರು ಮಾಡಿದ್ದೆಲ್ಲ ಅನ್ಯಾಯ ಅಂದ್ರೆ ಹೇಗಪ್ಪಾ?" ಎಂದು ಒಬ್ಬರು ಕಣ್ಣೀರು ಹಾಕಿದರು. ಆ ಮಾತನ್ನೂ ಗೇಟಪ್ಪ ತಳ್ಳಿಹಾಕಲಿಲ್ಲ. ಪ್ರಾರ್ಥನೆ ಮುಗಿಯುವವರೆಗೆ ಹಿರಿಯರು ಮುಂದೆ. ಮುಗಿದ ಮೇಲೆ ಗೇಟಪ್ಪನೇ ಹೆಂಗಸರನ್ನು ಗುಂಡಿಯ ಅಂಚಿಗೆ ಕರೆದೊಯ್ಯುತ್ತಾರೆ. "ಮಣ್ಣು ಸಡಿಲ ಇದೆ, ನೋಡ್ಕೊಂಡು ಬಾಮ್ಮ" ಎನ್ನುತ್ತಾರೆ. ಈ ಮೂರು ವರ್ಷದಲ್ಲಿ ಹಾಗೆ ಬಂದವರು ನಾನೂರಕ್ಕೂ ಹೆಚ್ಚು.

ಗೇಟಪ್ಪನ ಮಗಳು ಮಾತ್ರ ಅವರಲ್ಲಿ ಇಲ್ಲ.

ತೀರ್ಪಿನ ಸಂಜೆಯೇ ಫೋನು ಮಾಡಿದ್ದರು. "ಈಗ ಬರಬಹುದು ಮಗಾ" ಎಂದರು. ಅವಳು, "ಅಮ್ಮ ಹೋಗಿದ್ದು ಆವತ್ತಲ್ವಾಪ್ಪ" ಎಂದಳು. ಜಗಳವಿಲ್ಲ. ವಾರಕ್ಕೊಮ್ಮೆ ಮನೆಗೆ ಬರುತ್ತಾಳೆ, ಅಪ್ಪನ ಮಂಡಿಗೆ ಎಣ್ಣೆ ತಿಕ್ಕುತ್ತಾಳೆ. ಸ್ಮಶಾನದ ಮಾತು ಬಂದರೆ ಒಳಗೆದ್ದು ಹೋಗುತ್ತಾಳೆ.

"ಕೋರ್ಟು ಎಲ್ರಿಗೂ ಹಕ್ಕು ಕೊಡ್ತು. ನಾನು ಕಿತ್ಕೊಂಡಿದ್ದನ್ನ ಯಾವ ಕೋರ್ಟೂ ವಾಪಸ್ ಕೊಡ್ಸೋಕಾಗಲ್ಲ" ಎನ್ನುತ್ತಾರೆ, ಸಲಿಕೆಗೆ ಅಂಟಿದ ಮಣ್ಣು ಕೆರೆಯುತ್ತಾ.

ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳು. ಆಮೇಲೇನು ಎಂದರೆ ಗೇಟಿನ ಕಡೆ ನೋಡುತ್ತಾರೆ.

"ಬಾ ಅಂತ ಇನ್ನು ಕೇಳಲ್ಲ. ಅವಳಾಗೇ ಬಂದ ದಿನ ನಾನು ಡ್ಯೂಟೀಲಿರ್ಬೇಕು. ಅಷ್ಟೇ."