ಉಪ್ಪುನೀರಿಗೆ ಲೈಸೆನ್ಸು ಬೇಡ

ನನ್ನ ತಮ್ಮ ಟೊರೊಂಟೊಗೆ ಬಂದಿಳಿದಾಗ ಅವನ ಕೈಯಲ್ಲಿ ಒಂದೇ ಒಂದು ಬ್ಯಾಗಿತ್ತು. ಅಪ್ಪಿಕೊಂಡರೆ ಮೈ ಮರಗಟ್ಟಿದ ಹಾಗಿತ್ತು. ಅದು 2017ರ ಜೂನ್ ತಿಂಗಳು. ಅದಕ್ಕೆ ಎಂಟು ತಿಂಗಳ ಹಿಂದೆ, ಕುಂದಾಪುರದ ಕಡೆಯ ನಮ್ಮೂರಿನಲ್ಲಿ, ಅವನು ನಡೆಸುತ್ತಿದ್ದ ದೋಣಿ ನದಿ ಕಡಲು ಸೇರುವ ಅಳಿವೆಯಲ್ಲಿ ಮಗುಚಿತ್ತು. ಐವರಲ್ಲಿ ನಾಲ್ವರು ಬದುಕಿದರು. ಸತ್ತವನು ನನ್ನ ಮೈದುನ, ನನ್ನ ಗಂಡನ ಒಬ್ಬನೇ ತಮ್ಮ.

ಆಗ ನನ್ನ ಗಂಡನಿಗೆ ಊರಿಗೆ ಹೋಗಲಾಗಲಿಲ್ಲ. ಕೆನಡಾದಲ್ಲಿ ಖಾಯಂ ನೆಲೆಸಲು ಬೇಕಾದ ನಮ್ಮ ಪಿಆರ್ ಕಾಗದ ಇನ್ನೂ ಕೈಗೆ ಬಂದಿರಲಿಲ್ಲ, ದೇಶ ಬಿಟ್ಟರೆ ವಾಪಸ್ ಬರುವುದು ಕಷ್ಟ ಎಂದು ವಕೀಲರು ಹೆದರಿಸಿದ್ದರು. ನನ್ನ ಗಂಡ ಟೊರೊಂಟೊದ ರೆಕ್ಸ್‌ಡೇಲಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೂತು, ಫೋನಿನಲ್ಲೇ ಮೈದುನನ ಸಂಸ್ಕಾರ ನೋಡಿದರು. ಅಲ್ಲಿ ಫೋನು ಹಿಡಿದವರು ಗುಂಪಿನ ಹಿಂದೆ ನಿಂತಿದ್ದರು. ಹೆಚ್ಚು ಹೊತ್ತು ಕಂಡದ್ದು ಆಕಾಶ ಮತ್ತು ಜನರ ಬೆನ್ನು. ಮರುದಿನ ಅವರು ಎಂದಿನಂತೆ ವೇರ್‌ಹೌಸಿನ ಶಿಫ್ಟಿಗೆ ಹೋದರು.

ಪಿಆರ್ ಬಂದ ಮೇಲೆ ಅವರು ಮಾಡಿದ ಮೊದಲ ಕೆಲಸ ನನ್ನ ತಮ್ಮನನ್ನು ಕರೆಸಿಕೊಳ್ಳಲು ಪತ್ರ ಬರೆದದ್ದು. ವೀಸಾ ಒಮ್ಮೆ ತಿರಸ್ಕಾರವಾಯಿತು, ಎರಡನೇ ಸಲ ಸಿಕ್ಕಿತು. "ಅವನೊಬ್ಬ ಆದ್ರೂ ಉಳ್ದ ಅಲ್ದಾ. ನಾಲ್ಕ್ ದಿನ ಇಲ್ಲಿರ್ಲಿ" ಎಂದಿದ್ದರು. ಇಂಥ ಗಂಡನ ಬಗ್ಗೆ ನನಗೆ ಹೆಮ್ಮೆಯೇ ಆಗಿತ್ತು. ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಇಷ್ಟೇ: ನನ್ನ ತಮ್ಮ ಮೈದುನನನ್ನು ಉಳಿಸಲು ನೋಡಿದ, ದೊಡ್ಡದೊಂದು ತೆರೆ ಬಂದು ಅವನನ್ನು ಎಳೆದುಕೊಂಡು ಹೋಯಿತು.

ನಮ್ಮ ಮನೆಯಲ್ಲಿ ನನ್ನ ತಮ್ಮ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಮೀನು ಬೇಯಿಸಿದರೆ ತಟ್ಟೆಯ ಅಂಚಿಗೆ ಸರಿಸಿ ಬರೀ ಅನ್ನ ತಿನ್ನುತ್ತಿದ್ದ. ಶವರಿನ ನೀರು ಮುಖದ ಮೇಲೆ ಬೀಳುವುದು ಅವನಿಗೆ ಆಗುತ್ತಿರಲಿಲ್ಲ, ಬಕೆಟ್ ತುಂಬಿಸಿಕೊಂಡು ಸ್ನಾನ ಮಾಡುತ್ತಿದ್ದ. ಹದಿನಾರನೇ ವಯಸ್ಸಿನಿಂದ ನೀರಿನ ಮೇಲೇ ಬದುಕಿದವನು. ಅವನ ಕೈಗೆ ಒಂದು ಗಾಳ ಕೊಟ್ಟರೆ ಸರಿಹೋದಾನು ಎಂದು ನನಗೆ ತೋಚಿತು. ನಮ್ಮ ಹತ್ತಿರದ ಎಟೋಬಿಕೋಕಿನ ಕೆರೆದಂಡೆಯಲ್ಲಿ, ಆ ಕಡಲಿನಂಥ ಕೆರೆಯ ಎದುರು, ಭಾನುವಾರ ಜನ ಕುರ್ಚಿ ಹಾಕಿಕೊಂಡು ಮೀನು ಹಿಡಿಯುವುದನ್ನು ಕಂಡಿದ್ದೆ.

ತಮ್ಮನನ್ನು ಕರೆದುಕೊಂಡು ಹೋದಾಗ ಕ್ರೀಡಾ ಸಾಮಾನಿನ ಅಂಗಡಿಯ ಕೌಂಟರಿನಲ್ಲಿದ್ದ ಹುಡುಗಿ ಮೊದಲು ಕೇಳಿದ್ದು, ಅವನು ಇಲ್ಲಿಯವನೋ ವಿಸಿಟರೋ ಎಂದು. ಹೊರದೇಶದವರಿಗೆ ಬೇರೆ ಲೈಸೆನ್ಸು, ಒಂದು ದಿನದ್ದು, ಎಂಟು ದಿನದ್ದು, ವರ್ಷದ್ದು. ನಾನು ಎಂಟು ದಿನದ್ದು ತೆಗೆದುಕೊಂಡೆ, ಜೊತೆಗೆ ಇದ್ದುದರಲ್ಲಿ ಅಗ್ಗದ ಒಂದು ಗಾಳದ ಕೋಲು. ಕಾಗದದ ಮೇಲಿದ್ದ ತನ್ನ ಹೆಸರನ್ನು ತಮ್ಮ ಅಕ್ಷರ ಕೂಡಿಸಿ ಓದಿದ.

"ಮೀನ್ ಹಿಡೂಕೂ ಕಾಗ್ದ ಬೇಕಾ ಅಕ್ಕ?"

"ಇಲ್ಲಿ ಎಲ್ಲದಕ್ಕೂ ಬೇಕ್, ಮಾರಾಯ."

ಮೊದಲ ದಿನ ನನ್ನ ಒತ್ತಾಯಕ್ಕೆ ಬಂದ. ದಂಡೆಯ ಬಂಡೆಯ ಮೇಲೆ ಕೂತು, ಬಗ್ಗಿ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡ. "ಇದ್ರಲ್ಲ್ ಉಪ್ಪಿಲ್ಲೆ" ಎಂದು ಎದ್ದು ಹೋಗಿ ಕಾರಿನಲ್ಲಿ ಕೂತ. ಉಳಿದ ಏಳು ದಿನ ಆ ಕಾಗದ ಫ್ರಿಜ್ಜಿನ ಮೇಲೇ ಬಿದ್ದಿತ್ತು.

ಊಟದ ಹೊತ್ತಿಗೆ ನಾನು ಇದನ್ನು ಹೇಳಿದಾಗ ನನ್ನ ಗಂಡ ತಲೆ ಎತ್ತಿದರು. ಅಂದಿನಿಂದ ಫೋನಿನಲ್ಲಿ ಅವರ ಹುಡುಕಾಟ ಶುರುವಾಯಿತು. ಕೆನಡಾದ ಪಶ್ಚಿಮದ ಕಡಲಿನಲ್ಲಿ ಹಿಡಿಯುವುದಕ್ಕೂ ಲೈಸೆನ್ಸು ಬೇಕು, ವಿಮಾನದ ಖರ್ಚಂತೂ ನಮ್ಮ ಕೈಗೆ ಎಟುಕದು. ಪೂರ್ವದ ನೋವಾ ಸ್ಕೋಷಿಯಾಕ್ಕೆ ಕಾರಿನಲ್ಲೇ ಹೋಗಬಹುದು. ಅಲ್ಲಿ ಕಾಡ್ ಎಂಬ ಮೀನು ಹಿಡಿಯಲು ವರ್ಷಕ್ಕೆ ಇಂತಿಷ್ಟೇ ವಾರ ಎಂದಿದೆ, ಸಾಲ್ಮನ್ ಮುಟ್ಟುವಂತಿಲ್ಲ. ಆದರೆ ಕಡಲಕಟ್ಟೆಯ ಮೇಲೆ ನಿಂತು ಬಂಗುಡೆ ಹಿಡಿಯಲು ವಿಸಿಟರಿಗೂ ಕಾಗದ ಬೇಡ, ದೋಣಿ ಬಾಡಿಗೆಯೂ ಬೇಡ. "ಉಪ್ಪುನೀರಿಗೆ ಲೈಸೆನ್ಸ್ ಬೇಡ ಅಂಬ್ರ್" ಎಂದು ತಮ್ಮನಿಗೆ ಹೇಳಿದರು.

ಆಗಸ್ಟಿನಲ್ಲಿ ಹೊರಟೆವು. ಎರಡು ದಿನದ ದಾರಿ, ಉದ್ದಕ್ಕೂ ಮರಗಳೇ. ಎರಡನೇ ದಿನ ಪೆಟ್ರೋಲು ಹಾಕಿಸಲು ನಿಂತಾಗ ತಮ್ಮ ಟಾಯ್ಲೆಟ್ಟಿಗೆ ಹೋದ. ಗಂಡ ಪಂಪಿನ ಹತ್ತಿರ ನಿಂತು, ನನ್ನನ್ನು ನೋಡದೆ ಹೇಳಿದರು:

"ಕಡಲ್ ಕಂಡ್ರೆ ಅವ ಬಾಯಿ ಬಿಡ್ತ. ಅವತ್ತ್ ಎಂತ ಆಯ್ತ್ ಅಂತ ನಂಗೆ ಗೊತ್ತಾಗ್ಬೇಕ್. ಸುಮ್ಮನೆ ತೆರೆ ಬಂತ್ ಅಂದ್ರೆ ಸಾಕಾತಿಲ್ಲೆ."

ಈ ಪ್ರಯಾಣ ನನ್ನ ತಮ್ಮನಿಗಾಗಿ ಅಲ್ಲ, ಅವರ ತಮ್ಮನಿಗಾಗಿ ಎಂದು ನನಗೆ ಆಗ ತಿಳಿಯಿತು. ವಾಪಸ್ ಹೋಗೋಣ ಎನ್ನಬೇಕಿತ್ತು. ಅಷ್ಟರಲ್ಲಿ ತಮ್ಮ ಬಂದ, ನಾನು ಕಾರು ಹತ್ತಿದೆ.

ನಾವು ತಲುಪಿದ್ದು ಒಂದು ಪುಟ್ಟ ಬಂದರು. ಮರದ ಕಟ್ಟೆಯ ಮೇಲೆ ನಾಲ್ಕೈದು ಜನ ಗಾಳ ಹಾಕುತ್ತಿದ್ದರು. ಎಲ್ಲೆಲ್ಲೂ ಮೀನಿನ, ಡೀಸೆಲಿನ ವಾಸನೆ. ಕಾರಿನಿಂದ ಇಳಿದ ತಮ್ಮ ಸುಮಾರು ಹೊತ್ತು ಬಾಗಿಲು ಹಿಡಿದೇ ನಿಂತಿದ್ದ. ಒಬ್ಬ ಬಿಳಿಯ ಮುದುಕ ನಮ್ಮ ಗಾಳ ನೋಡಿ ತಲೆಯಾಡಿಸಿ, ಒಂದೇ ದಾರಕ್ಕೆ ಐದು ಕೊಕ್ಕೆ, ಕೊಕ್ಕೆಗೊಂದು ಬಣ್ಣದ ಪುಕ್ಕ ಕಟ್ಟಿದ್ದ ತನ್ನದೊಂದು ಗಾಳ ಕೊಟ್ಟ. ತಮ್ಮ ಅದನ್ನು ನೀರಿಗೆ ಇಳಿಬಿಟ್ಟು ಎರಡು ಸಲ ಜಗ್ಗಿದ್ದಷ್ಟೇ, ಒಟ್ಟಿಗೆ ಮೂರು ಬಂಗುಡೆ ಮೇಲೆ ಬಂದವು. ನಮ್ಮೂರಿನವಕ್ಕಿಂತ ಉದ್ದ, ಬೆನ್ನಿನ ಮೇಲೆ ಅಂಥದೇ ಹಸಿರು. ಹತ್ತೇ ನಿಮಿಷದಲ್ಲಿ ನಮ್ಮ ಬಕೆಟ್ ಅರ್ಧ ತುಂಬಿತು. ಅವನ ಕೈ ಪಳಗಿದ ಕೈ, ಮೀನಿನ ಬಾಯಿಂದ ಕೊಕ್ಕೆ ಬಿಡಿಸುವುದನ್ನು ನೋಡದೆಯೇ ಮಾಡುತ್ತಿತ್ತು. ಸದ್ಯ, ಬಂದದ್ದು ಒಳ್ಳೆಯದಾಯಿತು ಎಂದುಕೊಂಡೆ.

ಗಂಡ ಅವನ ಪಕ್ಕಕ್ಕೆ ಹೋಗಿ ನಿಂತು ಮೆಲ್ಲಗೆ ಕೇಳಿದರು: "ಅವ ಕಡೆಗೆ ಎಂತಾದ್ರೂ ಹೇಳಿದ್ನಾ?"

ದಾರ ಸುತ್ತುವುದನ್ನು ತಮ್ಮ ನಿಲ್ಲಿಸಿದ.

"ಭಾವ, ಅವತ್ತ್ ಅವನ್ನ ಕರ್ದದ್ದೇ ನಾನ್. ಒಬ್ಬ ಜನ ಕಮ್ಮಿ ಇದ್ದ. ಅವನಿಗೆ ಈಜು ಸಮ ಬತ್ತಿಲ್ಲೆ ಅಂತ ಗೊತ್ತಿತ್ತ್ ನಂಗೆ."

"ಅದ್ ಗೊತ್ತಿದ್ದದ್ದೇ. ಆಮೇಲೆ?"

"ದೋಣಿ ಮಗುಚಿದ್ ಕೂಡ್ಲೆ ಅವ ನನ್ನ ಕುತ್ತಿಗೆ ಹಿಡ್ಕಂಡ. ಇಬ್ರೂ ಕೆಳಗೆ ಹೋದ್ವಿ. ಮೇಲೆ ಬಂದ್ವಿ, ಮತ್ತೆ ಹೋದ್ವಿ. ನಂಗೆ ಉಸ್ರ್ ಇರ್ಲಿಲ್ಲ." ಅವನ ದನಿ ಎಲ್ಲೂ ಏರಲಿಲ್ಲ. "ತೆರೆ ಎಳೀಲಿಲ್ಲ ಭಾವ. ನಾನೇ ಅವನ ಬೆರಳ್ ಬಿಡಿಸ್ದೆ. ಒಂದೊಂದಾಗಿ ಬಿಡಿಸ್ದೆ."

ಮುದುಕ ಅತ್ತಲಿಂದ ಏನೋ ಕೂಗಿ ಹೆಬ್ಬೆರಳು ಎತ್ತಿ ತೋರಿಸಿದ. ನಮ್ಮ ದಾರದಲ್ಲಿ ಇನ್ನೂ ಎರಡು ಮೀನು ಒದ್ದಾಡುತ್ತಿದ್ದವು. ಗಂಡ ಬಗ್ಗಿ ಅವನ್ನು ಬಿಡಿಸಿ ಬಕೆಟ್ಟಿಗೆ ಹಾಕಿದರು. ಬಕೆಟ್ಟನ್ನೂ ಗಾಳವನ್ನೂ ಮುದುಕನಿಗೆ ಕೊಟ್ಟು, ಥ್ಯಾಂಕ್ಸ್ ಹೇಳಿ ಬಂದು, "ಹೊರಡ್ವ" ಎಂದರು. ಅವರು ಬೈದಿದ್ದರೆ, ಹೊಡೆದಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ತಮ್ಮನೂ ಅದಕ್ಕೇ ಕಾಯುತ್ತಿದ್ದವನಂತೆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ನಿಂತಿದ್ದ.

ಎರಡು ದಿನಕ್ಕೆಂದು ಹಿಡಿದಿದ್ದ ಮೋಟೆಲಿನ ರೂಮನ್ನು ಮರುಬೆಳಿಗ್ಗೆಯೇ ಬಿಟ್ಟೆವು. ದಾರಿಯಲ್ಲಿ ಗಂಡ ಕೇಳಿದ್ದು ಕಾಫಿ ಬೇಕಾ, ಕಿಟಕಿ ಏರಿಸಲಾ ಎಂದಷ್ಟೇ. ರೆಕ್ಸ್‌ಡೇಲಿಗೆ ಬಂದ ವಾರದೊಳಗೆ ತಮ್ಮ ತನ್ನ ವಾಪಸ್ ಟಿಕೆಟ್ಟಿನ ದಿನವನ್ನು ಮುಂಚೆ ಮಾಡಿಸಿಕೊಡು ಎಂದು ಕೇಳಿದ. ಏರ್‌ಪೋರ್ಟಿಗೆ ಗಂಡನೇ ಬಿಟ್ಟರು, ಬ್ಯಾಗನ್ನು ಅವರೇ ಎತ್ತಿಕೊಂಡರು. "ಜಾಗ್ರತೆ" ಎಂದರು. ತಮ್ಮ ಅವರ ಕಾಲು ಮುಟ್ಟಲು ಬಗ್ಗಿದಾಗ ಒಂದು ಹೆಜ್ಜೆ ಹಿಂದೆ ಸರಿದರು.

ವಾಪಸ್ ಬರುವಾಗ ನಾನು ಕೇಳಿದೆ: "ಅತ್ತೆಗೆ ಹೇಳ್ತ್ರಾ?"

"ಎಂತ ಹೇಳೂದ್? ಅವನ ಜಾಗದಲ್ಲ್ ನಾನಿದ್ರೂ ಬಿಡಿಸ್ಕಂತಿದ್ದೆ." ಸಿಗ್ನಲ್ ಹಸಿರಾದರೂ ಅವರು ಕಾರು ಮುಂದೆ ಬಿಡಲಿಲ್ಲ, ಹಿಂದಿನವನು ಹಾರನ್ ಹೊಡೆದ. "ಆದ್ರೂ ಅವನ ಮುಖ ಕಾಂಬುಕೆ ಆತಿಲ್ಲೆ ನಂಗೆ."

ಅತ್ತೆಗೆ ಯಾರೂ ಹೇಳಲಿಲ್ಲ. 2019ರಲ್ಲಿ ನಾವು ಊರಿಗೆ ಹೋದೆವು. ನನ್ನ ತಮ್ಮ ಕಡಲಿಗೆ ಹೋಗುವುದನ್ನು ಬಿಟ್ಟು, ನಮ್ಮ ತವರಿನ ಜಗಲಿಯಲ್ಲಿ ಕೂತು ಬೇರೆಯವರ ಬಲೆ ರಿಪೇರಿ ಮಾಡುತ್ತಿದ್ದ. ನನ್ನ ಗಂಡ ಇಪ್ಪತ್ತು ದಿನ ಇದ್ದರೂ ಆ ಕಡೆ ಒಂದು ದಿನವೂ ಕಾಲಿಡಲಿಲ್ಲ. ಅತ್ತೆ ಮಾತ್ರ ದಿನಾ ಬೆಳಿಗ್ಗೆ ಒಂದು ಡಬ್ಬಿಗೆ ತಿಂಡಿ ತುಂಬಿ ನನ್ನ ಕೈಗೆ ಕೊಡುತ್ತಿದ್ದರು. "ನನ್ನ ಮಗನ್ನ ಉಳಿಸೂಕೆ ಹೋಗಿ ಆ ಹುಡುಗ ಹೀಂಗಾದ. ಬಿಸಿ ಇಪ್ಪಾಗ್ಳೇ ಕೊಟ್ಟ್ ಬಾ" ಎನ್ನುತ್ತಿದ್ದರು. ನಾನು ಒಯ್ದು ಕೊಡುತ್ತಿದ್ದೆ. ಕಳಿಸಿದವರು ಯಾರು ಎಂದು ತಮ್ಮ ಕೇಳುತ್ತಿರಲಿಲ್ಲ. ನನ್ನ ಎದುರಿಗೇ ಕೂತು, ಒಂದು ತುತ್ತೂ ಉಳಿಸದೆ ತಿಂದು, ಡಬ್ಬಿ ತೊಳೆದು ಕೊಡುತ್ತಿದ್ದ.