ದೊಡವಾಡದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ

ಕೋವಿಡ್ ಗದ್ದಲ ತಣ್ಣಗಾದ ಮರುವರ್ಷ ನಾನು ಬೈಲಹೊಂಗಲ ತಾಲೂಕಿಗೆ ಆಪ್ತಸಮಾಲೋಚಕಿಯಾಗಿ ಬಂದೆ. ಜೀವ ಕಳೆದುಕೊಳ್ಳಲು ಹೋಗಿ ಉಳಿದವರನ್ನು ಆಸ್ಪತ್ರೆಯಿಂದ ಬಿಟ್ಟ ಮೇಲೂ ಮನೆಗೆ ಹೋಗಿ ನೋಡುವುದು ನನ್ನ ಕೆಲಸ. ನಾವು ಇದಕ್ಕೆ ‘ಫಾಲೋಅಪ್’ ಎನ್ನುತ್ತೇವೆ. ಊರವರು ‘ಮತ್ಯಾಕ ಬಂದ್ಲು ಈಕಿ’ ಎನ್ನುತ್ತಾರೆ.

ದೊಡವಾಡದ ರತ್ನಾ ಹಾಗೆ ಉಳಿದು ಬಂದವಳು. ಓಣಿಗೆಲ್ಲ ಹೇಳಿದ್ದು ಹೊಟ್ಟೆಬೇನೆ ಎಂದು; ನಿಜ ಎಲ್ಲರಿಗೂ ಗೊತ್ತಿತ್ತು, ಬಾಯಿಬಿಡುವವರಿರಲಿಲ್ಲ. ನಾನು ಹೋದಾಗಲೆಲ್ಲ ಅತ್ತೆ ಗಂಗವ್ವನದೇ ಉತ್ತರ: “ಆರಾಮ ಅದಾಳ್ರಿ.” ಚಹಾ ಕೊಟ್ಟು ಸಾಗಹಾಕುತ್ತಿದ್ದಳು. ಸೊಸೆಯ ಕೈಗೆ ಒಂದೂ ಕೆಲಸ ಕೊಡುತ್ತಿರಲಿಲ್ಲ, ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

ಆಗ ಪಕ್ಕದ ಮನೆಯಲ್ಲಿ ಮದುವೆ ಹತ್ತಿರವಾಗಿತ್ತು. ರೊಟ್ಟಿ ಬಡಿಯಲು ಓಣಿಯ ಹೆಂಗಸರಿಗೆಲ್ಲ ಕರೆ ಹೋಗಿತ್ತು, ರತ್ನಾಳಿಗಿಲ್ಲ. ಸತ್ತು ಬದುಕಿದವಳ ಕೈ ಮದುವೆಯ ಹಿಟ್ಟಿಗೆ ತಾಗಬಾರದು ಅಂದಿರಬೇಕು ಎಂದುಕೊಂಡೆ, ನನ್ನ ಪಿತ್ತ ನೆತ್ತಿಗೇರಿತು. ನೇರ ಹೋಗಿ ಕೇಳಿಯೇಬಿಟ್ಟೆ. ಮದುವೆಮನೆಯ ಕಾಶವ್ವ ಗಲ್ಲಕ್ಕೆ ಕೈಯಿಟ್ಟಳು.

“ಅಯ್ಯ ಶಿವನ! ಕರಿಬ್ಯಾಡಂತ ಗಂಗವ್ವನ ಹೇಳ್ಯಾಳ್ರಿ!”

ಮರಳಿ ಬಂದು ಕೇಳಿದರೆ ಗಂಗವ್ವ ತಲೆ ತಗ್ಗಿಸಿದಳು. “ಹತ್ತು ಮಂದ್ಯಾಗ ಯಾರರ ಬಾಯಿಬಿಟ್ಟು ಕೇಳಿದ್ರ? ಅಕಿಗೆ ನೆನಪಾಗಿ ಮತ್ತ ಮಾಡ್ಕೊಂಡ್ರ?”

ಪಾಪ, ಅವಳದು ಹೆದರಿಕೆ. ಆದರೆ ಅದಕ್ಕೆ ಹೆದರಿ ನಾನೂ ಸುಮ್ಮನಿರುವಂತಿರಲಿಲ್ಲ. ಒಳಗಿದ್ದ ಸೊಸೆಯನ್ನು ಕರೆದು ಗಂಗವ್ವನೆದುರೇ ಕೇಳಿದೆ: “ರತ್ನಾ, ಸಾಯಬೇಕು ಅನ್ನೋ ವಿಚಾರ ಈಗೂ ಬರ್ತದೇನವಾ?”

“ಬಿಡ್ತು ಅನ್ರಿ!” ಗಂಗವ್ವ ಚೀರಿದಳು.

“ಬರ್ತದ್ರಿ ಅಕ್ಕಾರ,” ರತ್ನಾ ಬಿಕ್ಕಿದಳು. “ಯಾರರ ಕೇಳ್ಯಾರೇನಂತ ಕಾಯಾಕತ್ತಿದ್ದೆ.”

ಗಂಗವ್ವ ಎದ್ದು ಬಂದು ಸೊಸೆಯ ಕೈ ಹಿಡಿದಳು. ಅವತ್ತೇ ಮೂವರೂ ಬೈಲಹೊಂಗಲದ ಬಸ್ಸು ಹತ್ತಿದೆವು. ಮನೋವೈದ್ಯರು ಚಿಕಿತ್ಸೆ ಶುರು ಮಾಡಿದರು. ಬೀಳ್ಕೊಡುವಾಗ ಗಂಗವ್ವನಿಗೆ ಹೇಳಿದೆ: “ಹೊಲಕ್ಕ ಹೊಡಿಯೋ ಎಣ್ಣಿಗೆ ಕೀಲಿ ಹಾಕ್ರಿ, ಸೊಸಿಗಲ್ಲ.”

ಮುಂದಿನ ಫಾಲೋಅಪ್‌ಗೆ ಹೋದರೆ ಮನೆಗೇ ಕೀಲಿ! ಪಕ್ಕದ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಓಡಿ ಇಣುಕಿದೆ. ಹೆಂಗಸರ ನಡುವೆ ರತ್ನಾ ಕೂತಿದ್ದಳು, ಮೊಳಕೈವರೆಗೆ ಹಿಟ್ಟು. ಅಬ್ಬಾ, ಹೋದ ಜೀವ ಬಂದಂತಾಯಿತು.

ಎದುರು ಒಲೆಯಿಂದ ಗಂಗವ್ವ ಎಲ್ಲರಿಗೂ ಕೇಳುವಂತೆ ಅಂದಳು: “ಏನವಾ, ಇವತ್ತ ಹೆಂಗ ಅನಸ್ತದ?”

“ರಟ್ಟಿ ನೋಯಾಕತ್ತಾವ್ರಿ ಅತ್ತಿ.”

“ಅಷ್ಟನ?”

“ಅಷ್ಟರಿ.”

ಕೇಳಿದರೆ ಸಾವು ನೆನಪಾಗುವುದಿಲ್ಲ, ಹೇಳಿಕೊಳ್ಳಲು ಒಬ್ಬರಿದ್ದಾರೆಂಬುದು ನೆನಪಾಗುತ್ತದೆ. ನನ್ನ ಕೆಲಸ ಕಲಿಸಿದ್ದು ಇಷ್ಟೇ. ಆ ಓಣಿಯಲ್ಲಿ ಅದನ್ನು ಕೇಳುವವಳು ಈಗ ಗಂಗವ್ವ. ನಾನು ಬಿಸಿರೊಟ್ಟಿ ತಿಂದು ಬಸ್ಸು ಹಿಡಿದೆ.