ಶೇಖಪ್ಪ ಹಚ್ಚದ ಒಲೆ

ಕತಾರಿನ ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯಲ್ಲಿ ಶೇಖಪ್ಪನೆಂಬ ರೊಟ್ಟಿ ಸಾಮ್ರಾಟನಿದ್ದ. ಲುಸೈಲಿನ ಕಟ್ಟಡಗಳಿಗೆ ಸಾರುವೆ ಕಟ್ಟುವುದು ಅವನ ಹೊಟ್ಟೆಪಾಡು. ಶುಕ್ರವಾರ ಜೋಳದ ರೊಟ್ಟಿ ತಟ್ಟುವುದು ಅವನ ರಾಜ್ಯಭಾರ. ಆ ದಿನ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಸ್ಪೀಕರ್ ಹಾಕುತ್ತಿದ್ದ. ಅತ್ತ ರೋಣದ ಬಳಿಯ ಊರಿನಿಂದ ಹೆಂಡತಿ ಹಾಲವ್ವ ಬರೀ ಸಪ್ಪಳ ಕೇಳಿಯೇ ತೀರ್ಪು ಕೊಡುತ್ತಿದ್ದಳು:

"ಅಂಚು ದಪ್ಪಾತು ನೋಡ್ರಿ. ಕೈ ಏನ್ ಕತಾರದಾಗ ಅಡಾ ಇಟ್ಟೀರೇನು?"

ಕೋಣೆಯೆಲ್ಲ ನಗುತ್ತಿತ್ತು. ಸಾಮ್ರಾಟ ತೆಪ್ಪಗೆ ಅಂಚು ತೆಳ್ಳಗೆ ಮಾಡುತ್ತಿದ್ದ.

ಒಂದು ಮುಂಜಾನೆ ಎದೆನೋವೆಂದ ಹಾಲವ್ವ ಆಸ್ಪತ್ರೆ ಮುಟ್ಟಲಿಲ್ಲ. ಇವನಿಗೆ ರಜೆ ಸಿಗುವಷ್ಟರಲ್ಲಿ ಊರಲ್ಲಿ ಮಣ್ಣು ಮುಗಿದಿತ್ತು. "ಇನ್ ಬಂದ್ ಏನ್ ನೋಡ್ತಿ?" ಎಂದ ಅಣ್ಣ. ಶೇಖಪ್ಪ ಹೋಗಲಿಲ್ಲ.

ಅಲ್ಲಿಂದ ಶುರುವಾಯಿತು ಒಲೆಯ ಮಹಾಯುದ್ಧ. ಸಾವಾದ ಮನೆಯಲ್ಲಿ ಮಣ್ಣು ಮುಗಿಯುವ ತನಕ ಒಲೆ ಹಚ್ಚುವಂತಿಲ್ಲ ಎಂಬುದು ಅವನ ಮನೆತನದ ಕಟ್ಟಳೆ. "ಮಣ್ಣಾದದ್ದು ನಾ ನೋಡಿಲ್ಲ. ನನ್ನ ಪಾಲಿಗೆ ಇನ್ನೂ ಮುಗದಿಲ್ಲ," ಎಂದು ಸಾರಿದ ಶೇಖಪ್ಪ, ಕೋಣೆಯ ಪಾಲಿನ ಗ್ಯಾಸ್ ಒಲೆಯ ಮೇಲೆ ಹಂಚು ಬೋರಲು ಹಾಕಿದ. ಅದನ್ನು ಎತ್ತುವ ಗಂಡು ಆ ವಸತಿಯಲ್ಲಿ ಹುಟ್ಟಿರಲಿಲ್ಲ. ತಿಂಗಳುಗಟ್ಟಲೆ ಮೆಸ್ಸಿನ ಸಾಂಬಾರು ಕುಡಿದು ಸೊರಗಿದ ಕೋಣೆಯವರು ದೇಶವಿದೇಶಗಳ ಪಂಡಿತರನ್ನು ಕರೆತಂದರು.

ಮೊದಲು ಈಜಿಪ್ಟಿನ ಫೋರ್‌ಮನ್ ಮಹಮೂದ್, ಕೈಯಲ್ಲಿ ಖರ್ಜೂರ. "ತೀನ್ ದಿನ್, ಖಲಾಸ್! ಗಂಡ ಸತ್ತ ಹೆಂಗಸಿಗಾದರೆ ಮಾತ್ರ ಶೋಕ ನಾಲ್ಕು ತಿಂಗಳು ಹತ್ತು ದಿನ," ಎಂದು ಹಿಂದಿಯಲ್ಲಿ ಅಪ್ಪಣೆಯಾಯಿತು.

"ಹಂಗಾರ ನನಗ ಹೆಂಗಸರ ಕೋಟಾದಾಗ ಒಂದು ಸೀಟ್ ಕೊಡಸ್ರಿ ಸಾಹೇಬ್ರ," ಎಂದ ಶೇಖಪ್ಪ.

ಆಮೇಲೆ ಸ್ಟೋರಿನ ಗುಮಾಸ್ತ, ಉಡುಪಿ ಕಡೆಯ ಆನ್ಸೆಲ್ಮ್. ಅವನ ತಾಯಿ ತೀರಿ ಆರು ವರ್ಷವಾಗಿತ್ತು.

"ನಮ್ಮಲ್ಲಿ ಏಳನೇ ದಿನ ಇಗರ್ಜಿಯಲ್ಲಿ ಬಲಿಪೂಜೆ ಉಂಟು, ತಿಂಗಳಿಗೊಂದು, ವರ್ಷಕ್ಕೊಂದು. ಅಷ್ಟಾದ ಮೇಲೆ ಜನ ಸುಧಾರಿಸ್ಕೊಳ್ತಾರೆ ಮಾರಾಯ."

"ನೀವು ಸುಧಾರಿಸ್ಕೊಂಡ್ರೇನ್ರಿ?"

ಆನ್ಸೆಲ್ಮ್ ಕನ್ನಡಕ ತೆಗೆದು ಒರೆಸಿದ. "ಜನ ಅಂತ ಹೇಳಿದ್ದು. ನಾನು ಅಂತ ಹೇಳ್ಲಿಲ್ಲ."

ಎರಡನೇ ಸೇನಾಪತಿಯೂ ಹೀಗೆ ಮಣ್ಣುಮುಕ್ಕಿದ. ಕೊನೆಗೆ ಗೆದ್ದವನು ಪಕ್ಕದ ಮಂಚದ ವೀರೇಂದ್ರ. ಶೇಖಪ್ಪನ ಅಣ್ಣನಿಗೆ ಗುಟ್ಟಾಗಿ ಫೋನು ಹಚ್ಚಿ, ಮಣ್ಣಿನ ವಿಡಿಯೊ ತರಿಸಿದ.

"ಕಾಕಾ, ನೋಡಿಲ್ಲ ಅಂದಿದ್ದಿಯಲ್ಲ. ನೋಡು."

ಶೇಖಪ್ಪ ನೋಡಿದ. ಹಣೆತುಂಬ ವಿಭೂತಿ ಹಚ್ಚಿ ಹಾಲವ್ವನನ್ನು ಕುಳಿಯಲ್ಲಿ ಕೂರಿಸಿದ್ದರು. ಬಿಲ್ವಪತ್ರೆ ಬಿತ್ತು, ಮಣ್ಣು ಬಿತ್ತು. ಸೆರಗು ಮುಚ್ಚಿತು, ಮುಖ ಮುಚ್ಚಿತು.

"ಮುಗೀತಲ್ಲ, ಕಾಕಾ?"

"ಮುಗೀತು."

ಎದ್ದು ಹೋಗಿ ಹಂಚು ತಿರುವಿ ಒಲೆ ಹಚ್ಚಿದ. ಕೋಣೆಯಲ್ಲಿ ಜಯಘೋಷ! ಯಾರೋ ಉಳ್ಳಾಗಡ್ಡಿ ಹೆಚ್ಚಿದರು, ಯಾರೋ ಶೇಂಗಾ ಚಟ್ನಿಯ ಡಬ್ಬಿ ಬಿಚ್ಚಿದರು. ಶೇಖಪ್ಪ ರೂಢಿಯ ಬಲದಿಂದ ಫೋನನ್ನು ಡಬ್ಬಿಗೆ ಒರಗಿಸಿ ತಟ್ಟಲು ಕೂತ. ಟಪ್ ಟಪ್. ಕೈ ನಿಲ್ಲಿಸಿ, ಕಿವಿ ಫೋನಿನತ್ತ ವಾಲಿಸಿ ಕಾದ.

"ಯಲ್ಲಾ ಕಾಕಾ, ಲಗೂ ಮಾಡು, ಹಸದು ಸಾಯಾಕತ್ತೀವಿ!" ಎಂದ ವೀರೇಂದ್ರ.

ಅಂಚು ದಪ್ಪವಾಗಿತ್ತು. ಬೆರಳಿಗೆ ಅದು ಗೊತ್ತಾಯಿತು. ತಿದ್ದಲಿಲ್ಲ; ಹಾಗೇ ಹಂಚಿಗೆ ಹಾಕಿದ.

"ಭಾರಿ ಆಗ್ಯಾವ ಕಾಕಾ, ಮೊದಲಿನಕಿಂತ ಚಲೋ!" ಎಂದಿತು ಕೋಣೆ, ಬಾಯಿತುಂಬ ರೊಟ್ಟಿ ತುಂಬಿಕೊಂಡು.

ಇವತ್ತಿಗೂ ಪ್ರತಿ ಶುಕ್ರವಾರ ದಪ್ಪ ಅಂಚಿನವೇ. ತಪ್ಪು ಹಿಡಿದವರು ಒಬ್ಬರೂ ಇಲ್ಲ.